ಏಳನೆಯ ಸೆಕ್ಷನ್ನಿನಲ್ಲಿ ನಿಮ್ಮಮ್ಮ

ಟೊಯಿವೋಲಾ, ಮಿಶಿಗನ್
ಸೆಪ್ಟೆಂಬರ್ ೨೪, ಮಂಗಳವಾರ

ಪ್ರೀತಿಯ ಸೈಮಾ,

ಲಕೋಟೆಯ ಮೇಲೆ ನನ್ನ ಕೋಳಿ ಕೆದರಿದಂಥ ಅಕ್ಷರ ಕಂಡು ಗಾಬರಿಯಾಗಬೇಡ ಮಗಳೇ, ಮನೆಯಲ್ಲಿ ಇಬ್ಬರೂ ಗಟ್ಟಿಯಾಗಿಯೇ ಇದ್ದೇವೆ. ನೀನು ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯಲ್ಲಿ ಸುಟ್ಟುಕೊಂಡ ಮೊಣಕೈ ಮಾಗಿತೇ? ಸರೋವರದ ಮೇಲೆ ಆಗಲೇ ದೊಡ್ಡ ಗಾಳಿ ಎದ್ದಿದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಹೊಟ್ಟೆ ತುಂಬ ಉಣ್ಣು, ಕಾಫಿ ಕಡಿಮೆ ಮಾಡು. ಇದನ್ನೆಲ್ಲ ಎಂದಿನಂತೆ ನಿಮ್ಮಮ್ಮನೇ ಬರೆಯಬೇಕಿತ್ತು. ಅವಳ ಬಲಗೈ ಮಣಿಕಟ್ಟಿಗೆ ಪಟ್ಟಿ ಬಿದ್ದಿದೆ, ಹತ್ತು ದಿನ ಪೆನ್ನು ಹಿಡಿಯುವಂತಿಲ್ಲ. ಮೂಳೆ ಮುರಿದಿಲ್ಲ, ಬರೀ ಉಳುಕು. “ನೀನೇ ಬರಿ ಮುದುಕಾ. ಆದರೆ ಎಲ್ಲಾನೂ ಬರಿ, ನಿನ್ನ ತಪ್ಪೂ ಸೇರಿಸಿ ಬರಿ” ಎಂದು ಅಪ್ಪಣೆಯಾಗಿದೆ. ಅವಳೀಗ ಒಲೆಯ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಏಲಕ್ಕಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಹೆಣಗುತ್ತಿದ್ದಾಳೆ. ನಾನು ಹಚ್ಚಿಕೊಡುತ್ತೇನೆ ಎಂದರೆ ಬಿಡುತ್ತಿಲ್ಲ.

ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ನಿಮ್ಮ ಹಡಗಿನ ಮಗ್ಗುಲಿಗೆ ಬಂದು ಬಕೆಟ್ಟಿನಲ್ಲಿ ಇದನ್ನು ಮೇಲಕ್ಕೆ ಕಳಿಸುವ ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ. ಆದರೂ ಮೊದಲಿಂದಲೇ ಹೇಳುತ್ತೇನೆ. ನಿಮ್ಮಮ್ಮ ಭಾನುವಾರ ರಾಷ್ಟ್ರೀಯ ಟ್ರಯಲ್ಸ್ ಚಾಂಪಿಯನ್‌ಷಿಪ್ಪಿನ ಕೊನೆಯ ರೌಂಡಿನಲ್ಲಿ ಬೈಕು ಓಡಿಸಿದಳು, ಅರವತ್ತು ದಾಟಿದವರ ವರ್ಗದಲ್ಲಿ. ನೀನು ಈ ಪತ್ರವನ್ನು ಜೊತೆಯವರಿಗೆ ಓದಿ ಹೇಳುವವಳು, ಅದಕ್ಕೇ ಅವರಿಗೆ ತಿಳಿಯಲಿ ಎಂದು ಎರಡು ಮಾತು: ಇದು ವೇಗದ ಆಟವಲ್ಲ. ಬಂಡೆ, ಹಳ್ಳ, ಬಿದ್ದ ಮರಗಳ ನಡುವೆ ಟೇಪು ಕಟ್ಟಿ ಗುರುತು ಮಾಡಿದ ಚಿಕ್ಕ ಚಿಕ್ಕ ಹಾದಿಗಳಿರುತ್ತವೆ, ಒಂದೊಂದೂ ಒಂದು ಸೆಕ್ಷನ್. ಸೀಟೇ ಇಲ್ಲದ ಬೈಕಿನ ಮೇಲೆ ನಿಂತುಕೊಂಡು, ಕಾಲು ನೆಲಕ್ಕೆ ಇಡದೆ ಅದನ್ನು ದಾಟಬೇಕು. ಒಂದು ಸಲ ಕಾಲು ಇಟ್ಟರೆ ಒಂದು ಅಂಕ, ಎರಡು ಸಲ ಇಟ್ಟರೆ ಎರಡು, ಆಮೇಲೆ ಎಷ್ಟು ಸಲ ಇಟ್ಟರೂ ಮೂರು. ಬಿದ್ದರೆ ಐದು. ಕಡಿಮೆ ಅಂಕದವರೇ ಗೆದ್ದವರು.

ಎಂಟು ವರ್ಷದ ಹಿಂದೆ ನನ್ನ ಕೊರಳೆಲುಬು ಮುರಿದ ಚಳಿಗಾಲ ನೆನಪಿದೆಯಲ್ಲ? ಬೈಕು ನಿಂತೇ ಇದ್ದರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡು ಎಂದು ಅವಳಿಗೆ ಹೇಳಿದ್ದೆ. ಮೂರನೆಯ ವಾರ ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಐವತ್ತೆಂಟರ ಹೆಂಗಸು ನನ್ನ ಹೆಲ್ಮೆಟ್ ಹಾಕಿಕೊಂಡು ಹಿಮದಲ್ಲಿ ಸೌದೆ ಒಟ್ಟಿಲ ಸುತ್ತ ಸುತ್ತುತ್ತಿದ್ದಾಳೆ! ಕೇಳಿದರೆ “ಬಿಸಿ ಮಾಡ್ತಾ ಇದ್ದೆ” ಎಂದಳು. ಆ ಸುತ್ತು ನಿಲ್ಲಲೇ ಇಲ್ಲ. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವಳಿಗೆ ಕ್ಲಚ್ಚಿನ ಮರ್ಮ ನಾನು ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹೇಳಿದೆ. ಎಂಟು ವರ್ಷವೂ ಹೇಳುತ್ತಲೇ ಬಂದೆ.

ಈ ವರ್ಷ ಒಹಾಯೊ, ಟೆನೆಸ್ಸಿ, ವರ್ಮಾಂಟ್ ಎಂದು ಹಳೆಯ ವ್ಯಾನಿನಲ್ಲಿ ಮಲಗೆದ್ದು ಸುತ್ತಿದೆವು. ಕೊನೆಯ ರೌಂಡು ನಮ್ಮ ಊರಿನದೇ, ಹಳೇ ತಾಮ್ರದ ಗಣಿಯ ಹಿಂದಿನ ಗುಡ್ಡದಲ್ಲಿ. ಶನಿವಾರ ಸಂಜೆಗೆ ಇಡೀ ವರ್ಷದ ಲೆಕ್ಕದಲ್ಲಿ ಇಬ್ಬರು ಸಮಸಮ: ನಿಮ್ಮಮ್ಮ ಮತ್ತು ಮಿಸೌರಿಯ ಡೆಲ್ಮರ್. ಭಾನುವಾರ ಇವರಿಬ್ಬರಲ್ಲಿ ಯಾರು ಮುಂದೋ ಅವರೇ ರಾಷ್ಟ್ರೀಯ ಚಾಂಪಿಯನ್. ಡೆಲ್ಮರ್ ಅಂಚೆ ಹಂಚುತ್ತಿದ್ದು ನಿವೃತ್ತನಾದವನು, ಕಡ್ಡಿಯಂತೆ ಉದ್ದ, ಬಾಯಿ ಅದಕ್ಕಿಂತ ಉದ್ದ. ಬೆಳಿಗ್ಗೆ ನಮ್ಮ ವ್ಯಾನಿನ ಬಳಿ ಬಂದು ನಿಮ್ಮಮ್ಮ ಮಾಡಿದ ಮಾಂಸ ತುಂಬಿದ ಪ್ಯಾಸ್ಟಿ ಕಡುಬನ್ನೇ ತಿನ್ನುತ್ತ, “ಹಿಲ್ಮಕ್ಕಾ, ಇದು ಬಸ್ಸಲ್ಲ, ಹುಷಾರು” ಎಂದ. ಇವಳು ಬೂಟಿನ ಪಟ್ಟಿ ಬಿಗಿಯುತ್ತ ತಲೆ ಎತ್ತದೆ, “ಬಸ್ಸಲ್ಲಿ ಬೆನ್ನ ಹಿಂದೆ ಅರವತ್ತು ಮಕ್ಕಳು ಕಿರಚ್ತಿದ್ವು ಕಣೋ. ಇಲ್ಲಿ ನೀನೊಬ್ಬನೇ” ಎಂದಳು.

ಹತ್ತು ಸೆಕ್ಷನ್, ಮೂರು ಸುತ್ತು. ನಾನು ಜೊತೆಗಾರ: ನನ್ನ ಬೈಕಿನಲ್ಲಿ ಅವಳ ಹಿಂದೆಯೇ ಹೋಗುವುದು, ನೀರು ಕೊಡುವುದು, ದಂಡೆಯಲ್ಲಿ ನಿಂತು ದಾರಿ ಹೇಳುವುದು. ಕಷ್ಟವಿದ್ದದ್ದು ಏಳನೆಯದು. ಹಳ್ಳಕ್ಕಿಳಿದು, ನೀರಿನಲ್ಲೇ ಮೇಲಕ್ಕೆ ಸಾಗಿ, ಸೊಂಟದೆತ್ತರದ ಬಂಡೆ ಹತ್ತಿ ಆಚೆ ದಡ ಸೇರಬೇಕು. ಬಲಗಡೆ ಒಣಗಿದ ಕಲ್ಲುಗಳು ಸಾಲಾಗಿವೆ, ಎಡಗಡೆ ಆಲ್ಡರ್ ಮರದ ಬೇರಿನ ಕೆಳಗೆ ಕಪ್ಪು ನೀರಿನ ಮಡು. ಎಲ್ಲರೂ ಬಲಕ್ಕೇ ಹೋದರು. ನಾನೂ “ಬಲಕ್ಕೆ” ಎಂದೆ. ಅವಳು ಒಂದು ಗಳಿಗೆ ಎಡಕ್ಕೆ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. “ಬಲಕ್ಕೆ ಅಂದ್ನಲ್ಲ ಮಾರಾಯ್ತಿ!” ಎಂದೆ. ಹೋದಳು. ಬಂಡೆಯ ಅಂಚಿನಲ್ಲಿ ಹಿಂದಿನ ಚಕ್ರ ಜಾರಿ ಬೈಕಿನ ಸಮೇತ ಮಗ್ಗುಲಿಗೆ ಬಿದ್ದಳು. ಮಣಿಕಟ್ಟು ಉಳುಕಿದ್ದು ಆಗಲೇ. ಅಂಕ ಹಾಕಲು ಕೂತಿದ್ದ ಲೆಂಪಿ, ನಮ್ಮ ಚರ್ಚಿನಲ್ಲಿ ಪಿಯಾನೋ ನುಡಿಸುವವಳು, ನಲವತ್ತು ವರ್ಷದ ಗೆಳತಿ, ಕಣ್ಣಲ್ಲಿ ನೀರು ತುಂಬಿಕೊಂಡೇ ಐದು ಬೆರಳು ಎತ್ತಿ ತೋರಿಸಿದಳು. ಮೊದಲ ಸುತ್ತಿಗೆ ಅಮ್ಮನಿಗೆ ಎಂಟು, ಡೆಲ್ಮರ್‌ಗೆ ಐದು.

ಎರಡನೆಯ ಸುತ್ತಿಗೆ ಮುಂಚೆ ಮಣಿಕಟ್ಟು ಬನ್ನಿನಂತೆ ಊದಿತ್ತು. “ಸಾಕು ಹಿಲ್ಮಾ, ಮನೆಗೆ ಹೋಗೋಣ” ಎಂದೆ. “ನೀನು ಮೂವತ್ತು ವರ್ಷ ಬೀಳ್ತಾನೇ ಇದ್ದೆ. ಒಂದು ಸಲ ಆದ್ರೂ ನಾನು ಮನೆಗೆ ಹೋಗೋಣ ಅಂದಿದ್ದೀನಾ?” ಎಂದಳು. ಅಂಟುಪಟ್ಟಿ ಸುತ್ತಿಕೊಟ್ಟೆ. ಏಳನೆಯದರಲ್ಲಿ ಮತ್ತೆ ನನ್ನ ಮಾತು ಕೇಳಿ ಬಲಕ್ಕೇ ಹೋದಳು. ಬೀಳಲಿಲ್ಲ, ಆದರೆ ಮೂರು ಸಲ ಕಾಲಿಟ್ಟಳು. ಮಿಕ್ಕ ಒಂಬತ್ತರಲ್ಲಿ ಒಂದು ಅಂಕವೂ ಇಲ್ಲ! ಊದಿದ ಕೈಯಲ್ಲಿ! ಡೆಲ್ಮರ್ ಆ ಸಲ ಹಳ್ಳದಲ್ಲಿ ಬಿದ್ದ, ಬೇರೆ ಕಡೆ ಒಂದು ಸಲ ಕಾಲಿಟ್ಟ. ಇಬ್ಬರಿಗೂ ಹನ್ನೊಂದು ಹನ್ನೊಂದು.

ಈಗ ಹೇಳುವುದನ್ನು ಸರಿಯಾಗಿ ಕೇಳು. ಮೂರನೆಯ ಸುತ್ತಿನಲ್ಲಿ ಇಬ್ಬರೂ ಆರು ಸೆಕ್ಷನ್ ಕಾಲಿಡದೆ ಮುಗಿಸಿ ಹಳ್ಳಕ್ಕೆ ಬಂದರು. ನಿಮ್ಮಮ್ಮ ಬೈಕು ಮರಕ್ಕೊರಗಿಸಿ ನನ್ನ ಕಡೆ ತಿರುಗಿ, “ಈ ಸಲ ನೀನು ಬಾಯಿ ಮುಚ್ಕೊಂಡು ನಿಲ್ಲು” ಎಂದಳು. ಆಮೇಲೆ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು, ಪ್ಯಾಂಟು ಮೊಣಕಾಲಿಗೆ ಮಡಚಿ ಬರಿಗಾಲಲ್ಲಿ ಆ ಕಪ್ಪು ಮಡುವಿಗೆ ಇಳಿದಳು. ಕೊರೆಯುವ ನೀರು. ದಂಡೆಯ ಮೇಲೆ ಐವತ್ತು ಜನ. ಯಾರೋ ಸೀಟಿ ಹೊಡೆದರು. ಅವಳು ಕುರುಡರು ಗೋಡೆ ತಡವುವ ಹಾಗೆ ಕಾಲಿನಲ್ಲಿ ನೆಲ ತಡವುತ್ತ ನಾಲ್ಕು ಹೆಜ್ಜೆ ಹೋಗಿ ನಿಂತಳು, ಅಲ್ಲೇ ಒಮ್ಮೆ ಕುಪ್ಪಳಿಸಿದಳು, ಅವಳಷ್ಟಕ್ಕೆ ನಕ್ಕಳು. ಗೊತ್ತಾಯಿತಾ? ಹನ್ನೊಂದು ವರ್ಷ, ನಾನು ಸ್ಪರ್ಧಿಸುತ್ತಿದ್ದ ಕಾಲದಲ್ಲಿ, ಲೆಂಪಿಯ ಜಾಗದಲ್ಲಿ ಕೂತು ಅಂಕದ ಕಾರ್ಡಿಗೆ ತೂತು ಹಾಕುತ್ತಿದ್ದವಳು ಇವಳೇ. ನೀರಿಲ್ಲದ ವರ್ಷ ಆ ಮಡುವಿನಡಿ ಚಪ್ಪಟೆ ಬಂಡೆಯೊಂದು ಇದ್ದದ್ದನ್ನು ನೋಡಿದ್ದಳು. ಅದು ಇನ್ನೂ ಅಲ್ಲೇ ಇದೆಯೋ, ಹಿಮ ಕರಗಿದ ನೀರಿಗೆ ಕೊಚ್ಚಿಹೋಗಿದೆಯೋ ಎಂಬ ಅನುಮಾನ ಮಾತ್ರ. ಬೆಳಿಗ್ಗೆ ಬಾಯಿ ತೆರೆದದ್ದು ಇದನ್ನು ಹೇಳುವುದಕ್ಕೇ.

ಸರದಿ ಡೆಲ್ಮರ್‌ನದು ಮೊದಲು. ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಇವಳ ಬಳಿ ಬಂದು, ಈ ಸಲ ತಮಾಷೆಯಿಲ್ಲದೆ, “ಅಕ್ಕಾ, ಅಲ್ಲಿ ಕೆಳಗೇನಿದೆ?” ಎಂದ. “ಏನೂ ಇಲ್ಲ ಅನ್ನು, ಏನೂ ಇಲ್ಲ ಅನ್ನು” ಎಂದು ನನ್ನ ಮನಸ್ಸು ಕೂಗುತ್ತಿತ್ತು. ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಇವಳು ಪಾದ ಒರೆಸಿಕೊಳ್ಳುತ್ತ, “ಊಟದ ಮೇಜಿನಷ್ಟಗಲ ಚಪ್ಪಡಿ ಇದೆ. ಮೊಣಕಾಲಿನವರೆಗೂ ನೀರಿಲ್ಲ. ಬೇರಿಗೆ ಮುಂದಿನ ಚಕ್ರ ಮುಟ್ಟಿಸಬೇಡ, ಅದು ಸೋಪಿನ ಥರ” ಎಂದಳು. ಡೆಲ್ಮರ್ ಅವಳ ಮುಖವನ್ನೇ ನೋಡಿದ. ನಂಬಿದ. ಎಡಕ್ಕೆ ಹೋದ, ನೀರು ಚಿಮ್ಮಿತು, ಚಪ್ಪಡಿಯ ಮೇಲೆ ನೆಟ್ಟಗೆ ನಿಂತು ಒಂದೇ ಏಟಿಗೆ ಬಂಡೆ ಹತ್ತಿದ. ಲೆಂಪಿ ಮುಷ್ಟಿ ಎತ್ತಿದಳು, ಸೊನ್ನೆ.

ಆಮೇಲೆ ಇವಳು. ಸೈಮಾ, ನಾನು ನಲವತ್ತು ವರ್ಷದಿಂದ ಈ ಆಟ ನೋಡಿದ್ದೇನೆ, ದೊಡ್ಡ ದೊಡ್ಡವರನ್ನು ನೋಡಿದ್ದೇನೆ. ಹೀಗೆ ಯಾರೂ ಹೋದದ್ದನ್ನು ನೋಡಿಲ್ಲ. ಡೆಲ್ಮರ್ ಎಗರಿದ, ಇವಳು ಎಗರಲಿಲ್ಲ. ಬಸ್ಸು ನಿಲ್ದಾಣದಿಂದ ಹೊರಡುತ್ತದಲ್ಲ, ಒಳಗಿನ ಮಕ್ಕಳು ಮುಗ್ಗರಿಸದ ಹಾಗೆ, ಅಷ್ಟು ನಯವಾಗಿ ನೀರಿಗಿಳಿದಳು. ಚಪ್ಪಡಿಯ ಮೇಲೆ ಒಂದು ಉಸಿರಿನಷ್ಟು ಹೊತ್ತು ತಡೆದಳು. ಮುಂದಿನ ಚಕ್ರ ಬೇರಿನಿಂದ ಒಂದು ಗೇಣು ದೂರ. ಊದಿದ ಕೈ ಆ್ಯಕ್ಸಿಲರೇಟರ್ ತಿರುಗಿಸಿದಾಗ ಅವಳ ತುಟಿ ಬಿಳಿಚಿದ್ದು ನನಗೊಬ್ಬನಿಗೇ ಕಂಡಿತು. ಬೈಕು ಮೇಲಕ್ಕೆ ಬಂತು, ಅವಳು ಮೇಲಕ್ಕೆ ಬಂದಳು, ಕಾಲು ಎಲ್ಲೂ ತಾಗಲಿಲ್ಲ. ಐವತ್ತು ಜನ ಒಟ್ಟಿಗೆ ಕೂಗಿದರು.

ಆಮೇಲೆ ಬೈದೆ, ಸುಳ್ಳೇಕೆ. ಎಂಟನೆಯದಕ್ಕೆ ಹೋಗುವ ದಾರಿಯಲ್ಲಿ ನಿಲ್ಲಿಸಿ, “ಗೆಲುವನ್ನ ಅವನ ಕೈಗೆ ಕೊಟ್ಟುಬಿಟ್ಟೆಯಲ್ಲೇ!” ಎಂದೆ. “ಅವನು ಕೇಳಿದ. ಸುಳ್ಳು ಹೇಳ್ಲಾ? ಕಲ್ಲೇನು ನನ್ನ ತವರಿಂದ ತಂದಿದ್ದಾ?” ಎಂದು ಕನ್ನಡಕದ ಮೇಲಿನ ನೀರು ಒರೆಸಿಕೊಂಡಳು. “ಅವನು ಅಲ್ಲಿ ಬಿದ್ದು ನಾನು ಗೆದ್ದರೆ ಏನು ಗೆದ್ದ ಹಾಗೆ? ಗೊತ್ತಿದ್ದೂ ಬೀಳಿಸಿದ ಹಾಗೆ. ಹೋಗು, ನೀರು ಕೊಡು.” ಕೊಟ್ಟೆ.

ಹತ್ತನೆಯದರಲ್ಲಿ ಸೋತಳು. ಸುಲಭದ್ದು, ಎರಡು ಮರದ ದಿಮ್ಮಿ ದಾಟುವುದು. ಎರಡನೆಯದರ ಮೇಲೆ ಕೈ ಹಿಡಿತ ಬಿಟ್ಟಿತು, ಎಡಗಾಲು ಒಂದೇ ಒಂದು ಸಲ, ಹಕ್ಕಿ ಕೊಕ್ಕು ತಾಗಿಸಿದಷ್ಟು, ನೆಲಕ್ಕೆ ತಾಗಿತು. ಒಂದು ಅಂಕ. ಡೆಲ್ಮರ್ ಹನ್ನೊಂದು, ನಿಮ್ಮಮ್ಮ ಹನ್ನೆರಡು. ಡೆಲ್ಮರ್ ಚಾಂಪಿಯನ್, ಇವಳು ಇಡೀ ದೇಶಕ್ಕೆ ಎರಡನೆಯವಳು. ಬಹುಮಾನ ಕೊಡುವಾಗ ಡೆಲ್ಮರ್ ಮೈಕಿನಲ್ಲಿ, “ಏಳನೇದರಲ್ಲಿ ನಂಗೆ ದಾರಿ ತೋರ್ಸಿದ್ದು ಹಿಲ್ಮಕ್ಕ. ಎಲ್ಲರಿಗೂ ಗೊತ್ತಿರ್ಲಿ” ಎಂದ. ಇವಳು ಕೆಳಗಿನಿಂದಲೇ, “ಬರೋ ವರ್ಷ ಕೇಳ್ಬೇಡ, ಹೇಳಲ್ಲ!” ಎಂದು ಕೂಗಿದಳು. ಹೇಳುತ್ತಾಳೆ, ನನಗೆ ಗೊತ್ತು. ಎಲ್ಲರೂ ನಕ್ಕರು. ಸಂಜೆ ಸೌನಾದ ಬಿಸಿ ಹಬೆಯಲ್ಲಿ ಕೂತಾಗ ಮಾತ್ರ ಸ್ವಲ್ಪ ಅತ್ತಳು. ಕೈ ನೋವಿಗೆ ಎಂದಳು, ನಾನೂ ಹಾಗೇ ಅಂದುಕೊಂಡೆ ಎಂದು ತೋರಿಸಿಕೊಂಡೆ. ಇಂಥವಳ ಜೊತೆ ನಲವತ್ತೈದು ವರ್ಷ ಇದ್ದೂ, ಪಕ್ಕದಲ್ಲಿ ಕೂತು ಅಂಕ ಬರೆಯುವವಳು ಎಂದಷ್ಟೇ ತಿಳಿದಿದ್ದೆನಲ್ಲ ಎಂದು ಆ ಬಿಸಿಯಲ್ಲೂ ನನಗೆ ಮೈ ತಣ್ಣಗಾಯಿತು.

ಅವಳ ಎಡಗೈಯ ಮುದ್ದು ನಿನಗೆ. ಹಡಗಿನಲ್ಲಿ ಅಡುಗೆ ಮಾಡುವ ಆ ದಪ್ಪ ಮನುಷ್ಯನಿಗೂ ನಿಮ್ಮ ಕ್ಯಾಪ್ಟನ್ನರಿಗೂ ನಮ್ಮ ನಮಸ್ಕಾರ ಹೇಳು. ನೀರು ನಿನ್ನನ್ನು ಕ್ಷೇಮವಾಗಿ ಹೊತ್ತು ತರಲಿ.

ನಿನ್ನ ಅಪ್ಪ,
ವೈನೋ

ಮರೆತ ಮಾತು: ಮರೆತದ್ದಲ್ಲ, ಅಂಚೆಯವನು ಬರುವ ಮುಂಚೆ ಬರೆಯಲೇಬೇಕಾದದ್ದು. ನಿನಗೆ ಹದಿನೇಳಾಗಿದ್ದಾಗ, ಆ ಸ್ಪರ್ಧೆಯಲ್ಲಿ ನೀನು ಬಂಡೆಯ ಮುಂದೆ ಒಂದು ಗಳಿಗೆ ತಡೆದದ್ದಕ್ಕೆ ನಾನು ಎಲ್ಲರೆದುರು “ಪುಕ್ಕಲಿ” ಎಂದು ಕೂಗಿದೆ. ನೀನು ಬೈಕು ಮಲಗಿಸಿ ನಡೆದುಹೋದೆ, ಮತ್ತೆ ಹತ್ತಲೇ ಇಲ್ಲ. ಹದಿನಾರು ವರ್ಷದಿಂದ ಕೇಳಿದವರಿಗೆಲ್ಲ ನಿನ್ನ ಧೈರ್ಯ ಕುಂದಿತು ಎನ್ನುತ್ತ ಬಂದಿದ್ದೇನೆ. ನೀನು ಹೆದರಿರಲಿಲ್ಲ, ಮೊನ್ನೆ ಅಮ್ಮ ಮಾಡಿದ ಹಾಗೆ ಯಾವ ಕಡೆ ಹೋಗಬೇಕೆಂದು ನೋಡುತ್ತಿದ್ದೆ. ತಪ್ಪು ನನ್ನದು, ಕ್ಷಮಿಸು ಮಗಳೇ. ಜೂನ್ ತಿಂಗಳಲ್ಲಿ ನಿನಗೆ ರಜೆ ಸಿಕ್ಕಿದರೆ ಅಮ್ಮನ ಬೈಕು ಹತ್ತಿ ನೋಡು. ನಾನು ದಂಡೆಯ ಮೇಲೆ ಸುಮ್ಮನೆ ನಿಂತಿರುತ್ತೇನೆ. ಅದೂ ಬೇಡ ಅಂದರೆ ವ್ಯಾನಿನಲ್ಲೇ ಕೂತಿರುತ್ತೇನೆ.