ಉಪ್ಪಿನ ಸ್ಯಾಂಪಲ್

ಕಳಸ, ೧೪ ಮಾರ್ಚ್ ೧೯೭೯, ಬುಧವಾರ

ಉಪ್ಪಿನ ವಿಷಯ ತಲೆಯಿಂದ ಹೋಗುತ್ತಿಲ್ಲ.

ಸಂಸೆ ಕಡೆಯ ಎಸ್ಟೇಟಿನ ಕೂಲಿ ಲೈನಿನ ಗುಲಾಬಿಯ ಪೋಸ್ಟ್‌ಮಾರ್ಟಮ್ ಬೆಳಿಗ್ಗೆ ಮುಗಿಸಿದೆ. ಕಾಫಿ ಗಿಡಕ್ಕೆ ಹೊಡೆಯುವ ಮದ್ದಿನ ವಾಸನೆ. ಹೊಟ್ಟೆ, ಲಿವರಿನ ತುಂಡುಗಳನ್ನು ಜಾಡಿಗೆ ಹಾಕಿ, ಬೆಂಗಳೂರಿನ ಲ್ಯಾಬು ಸೇರುವವರೆಗೆ ಕೆಡದಿರಲೆಂದು ಗಟ್ಟಿ ಉಪ್ಪುನೀರು ತುಂಬಿದೆ. ಉಪ್ಪು ಮೊಹಿದ್ದೀನ್ ಸಾಹೇಬರ ಅಂಗಡಿಯದು. ಅದನ್ನೇ ಒಂದಿಷ್ಟು ಬೇರೆ ಸೀಸೆಗೆ ಹಾಕಿ ಅರಗಿನ ಮುದ್ರೆ ಒತ್ತಿದೆ. ವಿಷ ಉಪ್ಪಿನಿಂದ ಬಂದದ್ದಲ್ಲ ಎಂದು ಲ್ಯಾಬಿನವರಿಗೆ ಖಾತ್ರಿಯಾಗಬೇಕು.

ಅದು ಹೇಗೋ ಸಾಹೇಬರ ಕಿವಿಗೆ ಬಿದ್ದಿದೆ. ಸಂಜೆ ಅಂಗಡಿ ಮುಚ್ಚಿಕೊಂಡೇ ಮನೆಗೆ ಬಂದರು.

"ನನ್ನ ಉಪ್ಪಿನ ಮೇಲೆ ಅನುಮಾನವಾ ಡಾಕ್ಟ್ರೇ? ಊರೆಲ್ಲ ತಿನ್ನೋ ಉಪ್ಪು."

"ಇಲ್ಲ ಮಾರಾಯ್ರೆ. ಉಪ್ಪಿನ ತಪ್ಪಿಲ್ಲ ಅಂತ ತೋರಿಸೋಕೇ ಕಳಿಸೋದು."

ಜಗಲಿಯ ಮೇಲೆ ಕೂತರು. "ಅವಳಾಗೇ ಕುಡಿದ್ಲಾ, ಯಾರಾದ್ರೂ ಕುಡಿಸಿದ್ರಾ, ಅದೂ ಗೊತ್ತಾಗುತ್ತಾ?"

"ಅದು ಗೊತ್ತಾಗಲ್ಲ. ಯಾವ ಮದ್ದು ಅಂತ ಹೇಳ್ತಾರೆ, ಅಷ್ಟೇ."

"ನನ್ನ ಹತ್ರಾನೇ ಉಪ್ಪು ತಗೊಂಡು ಹೋಗ್ತಿದ್ಲು, ಸಂತೆ ದಿನ," ಎಂದು ಎದ್ದು ಹೋದರು.

ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂದು ಮಾತ್ರ ಅನ್ನಿಸಿತು. ಗುಲಾಬಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಕೈಗೆ ಹಸಿರು ಬಳೆ.

ಊಟವಾಗಿ ಕೈ ತೊಳೆಯುವಾಗ ಹೆಂಡತಿ ಕೇಳಿದಳು: "ಸಾರಿಗೆ ಉಪ್ಪೇ ಹಾಕಿರ್ಲಿಲ್ಲ ನಾನು, ಈಗ ಬಾಯಿಗಿಟ್ಟಾಗ ಗೊತ್ತಾಯ್ತು. ನೀವ್ಯಾಕೆ ಹೇಳ್ಲಿಲ್ಲ?"

ಎರಡನೇ ಸಲವೂ ಹಾಕಿಸಿಕೊಂಡು ಉಂಡಿದ್ದೆ.