ಎರವಲವ್ವನ ಹತ್ತನೆಯ ದಿನ

ಗಾಳಿಕಂಬದೂರು,
ಧೂಳುಗಾಲದ ಐವತ್ತಮೂರನೆಯ ದಿನ, ನಿಮ್ಮ ಎಣಿಕೆಯಲ್ಲಿ ೨೧೭೪.

ಮಂಗಲಾ ಚಕ್ರಸಾಲಿ ಅವರಿಗೆ ತೋಟವ್ವ ಮಾಡುವ ನಮಸ್ಕಾರಗಳು.

ನೀವು ಮಾಡಿದ ಮೂರ್ತಿಯ ಅಡಿಯಲ್ಲಿ ನಿಮ್ಮ ಹೆಸರು ಕೊರೆದಿದೆ, ಪಕ್ಕದಲ್ಲಿ ೨೦೨೫ ಎಂದಿದೆ. ನಿಮ್ಮ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ. ನಾನು ಓದಿದ್ದು ನಾಲ್ಕು ವರ್ಷ. ದಿನಕ್ಕೆ ಎರಡು ಸಾಲು ಬರೆದಿಡುವ ರೂಢಿಯಿದೆ, ಇಷ್ಟು ಉದ್ದ ಬರೆದವಳಲ್ಲ. ನೀವು ಹೋದ ಮೇಲೆ ಹುಟ್ಟಿದ ಮಾತುಗಳು ನಡುವೆ ಬರುತ್ತವೆ, ಮನ್ನಿಸಿ. ಸತ್ತವರಿಗೆ ಬರೆದ ಕಾಗದವನ್ನು ನಾವು ನಿಂತುಹೋದ ಗಾಳಿಯಂತ್ರದ ಕಂಬದೊಳಗೆ ಹಾಕುತ್ತೇವೆ. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಗುಡ್ಡದ ಮೇಲೆ ಈಗ ಇನ್ನೂರ ಹತ್ತು ಜನ ಇದ್ದೇವೆ. ನೀರು ಮಂಜುಬಲೆಯಿಂದ ಬರುತ್ತದೆ. ಬೆಳಗಿನ ಮಂಜನ್ನು ಹಿಡಿದು ಹನಿಹನಿಯಾಗಿ ಕೊಡಕ್ಕೆ ಇಳಿಸುವ ಬಲೆ ಅದು. ಊಟಕ್ಕೆ ಸಜ್ಜೆ, ಕಳ್ಳಿಹಣ್ಣು. ವರ್ಷಕ್ಕೆ ಅರವತ್ತು ದಿನ ಧೂಳು ಎದ್ದಾಗ ಮೂಗುಬಟ್ಟೆ ಇಲ್ಲದೆ ಹೊರಗೆ ಹೋದವರು ಬದುಕುವುದಿಲ್ಲ. ಸೌದೆ ಇಲ್ಲದ್ದರಿಂದ ದಿನಕ್ಕೊಮ್ಮೆ ಒಲೆಗಂಟೆ ಹೊಡೆಯುತ್ತಾರೆ, ಆಗ ಎಲ್ಲರೂ ಒಂದೇ ಬೆಂಕಿಯಲ್ಲಿ ಬೇಯಿಸಿಕೊಳ್ಳುತ್ತೇವೆ. ನಿಮ್ಮ ಕಾಲದಲ್ಲಿ ಮಣ್ಣಿನ ಮೂರ್ತಿಗಳನ್ನು ಹಗಲು ರಾತ್ರಿ ಸುಡುತ್ತಿದ್ದರು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಫೋಟೊಗಳೂ ನಮ್ಮಲ್ಲಿಲ್ಲ. ಅವೆಲ್ಲ ಯಂತ್ರಗಳ ಒಳಗಿದ್ದವಂತೆ, ಯಂತ್ರಗಳು ಆರಿದ ವರ್ಷ ಅವೂ ಆರಿದವು.

ನಿಮ್ಮ ಮೂರ್ತಿಯನ್ನು ಕೆಳಗಿನ ಊರು ಬಿಡುವಾಗ ಹೊತ್ತು ತಂದವಳು ನನ್ನ ಮುತ್ತಜ್ಜಿ. ಕೊಡ ಬಿಟ್ಟು ಗೊಂಬೆ ತಂದಳು, ಇನ್ನು ಅದರ ತಲೆ ಹಿಂಡಿ ನೀರು ಕುಡಿಯಲಿ ಎಂದು ಜನ ಆಡಿಕೊಂಡರಂತೆ. ಮೊಳಕ್ಕಿಂತ ಸ್ವಲ್ಪ ಎತ್ತರ, ಕುಳಿತ ಹೆಂಗಸು. ಯಾರೋ ಕರೆದ ಹಾಗೆ ಕತ್ತು ತುಸು ತಿರುಗಿದೆ. ಮುಡಿಗೆ ಮಾತ್ರ ಕಪ್ಪು ಗಾಜಿನ ಹೊಳಪು, ಉಳಿದ ಮೈಯೆಲ್ಲ ಬರಿ ಮಣ್ಣಿನ ಬಣ್ಣ. ಕಣ್ಣಿನ ಜಾಗದಲ್ಲಿ ನೀವು ಬೆರಳಿನಿಂದ ಎರಡು ಗುಳಿ ಒತ್ತಿ ಬಿಟ್ಟಿದ್ದೀರಿ. ಯಾಕೆ ಹಾಗೆ ಬಿಟ್ಟಿರೋ ತಿಳಿಯದು, ಅದರಿಂದಲೇ ಅದು ಎಲ್ಲರ ಮುಖವೂ ಆಯಿತು.

ನಾವು ಅದನ್ನು ಎರವಲವ್ವ ಎನ್ನುತ್ತೇವೆ. ಯಾರ ಮನೆಯಲ್ಲಿ ಸಾವಾದರೂ ಅದು ಆ ಮನೆಗೆ ಹೋಗುತ್ತದೆ. ಸತ್ತವರ ಬಟ್ಟೆ ಉಡಿಸಿ ಅವರು ಕೂರುತ್ತಿದ್ದ ಜಾಗದಲ್ಲಿ ಇಡುತ್ತಾರೆ, ಎದುರಿಗೆ ಊಟ ಬಡಿಸುತ್ತಾರೆ. ಒಂಬತ್ತು ದಿನದೊಳಗೆ ಮನೆಯವರು ಒಬ್ಬೊಬ್ಬರಾಗಿ, ಹೇಳದೆ ಉಳಿದ ಮಾತನ್ನು ಅದಕ್ಕೆ ಹೇಳಬೇಕು. ಹತ್ತನೆಯ ದಿನ ಯಾರೂ ಇಟ್ಟುಕೊಳ್ಳುವಂತಿಲ್ಲ. ಗಂಡು, ಹೆಣ್ಣು, ಹಸುಗೂಸು, ಎಲ್ಲರೂ ಅದೇ ಮೂರ್ತಿಯಲ್ಲಿ ಒಂಬತ್ತು ದಿನ ಕುಳಿತು ಹೋಗಿದ್ದಾರೆ.

ಈ ಧೂಳುಗಾಲದಲ್ಲಿ ನನ್ನ ಮಗಳು ಹೂವಕ್ಕ ಹೋದಳು. ಎಂಟು ವರ್ಷ. ಅವಳ ಅಂಗಿ ಮೂರ್ತಿಗೆ ದೊಡ್ಡದಾಯಿತು, ಬೆನ್ನ ಹಿಂದೆ ಒಟ್ಟುಮಾಡಿ ನಾಲ್ಕು ಹೊಲಿಗೆ ಹಾಕಿದೆ. ಮೂರನೆಯ ದಿನಕ್ಕೆ ಅದು ಅವಳೇ ಆಯಿತು. ಕೆಮ್ಮಿಲ್ಲದ ಹೂವಕ್ಕ. ಅದರ ಪಕ್ಕ ಕೂತು ಸಜ್ಜೆ ಹಸನು ಮಾಡುತ್ತಿದ್ದೆ.

ಏಳನೆಯ ದಿನ ಪಕ್ಕದ ಮನೆಯ ದುರ್ಗಪ್ಪ ಸತ್ತ. ಅವನ ಹೆಂಡತಿ ಫಕೀರವ್ವ ಊರನ್ನೇ ನಗಿಸುವವಳು. ಗಂಡನನ್ನು ಕುಂತಲ್ಲೇ ಬೇರು ಬಿಡುವ ಆಸಾಮಿ ಎಂದು ದಿನಾ ಚುಚ್ಚುತ್ತಿದ್ದಳು. ಆ ದಿನವೂ ಚುಚ್ಚಿದಳು, ಹರಿದ ಬಲೆ ನಿಮ್ಮಪ್ಪ ಬಂದು ಹೊಲಿತಾನೇನು ಎಂದು. ಅವನು ಸಿಟ್ಟಿನಲ್ಲಿ ಮೂಗುಬಟ್ಟೆ ಮರೆತು ಬಲೆಯತ್ತ ಹೊರಟುಹೋದ, ಅದರ ಕೆಳಗೇ ಬಿದ್ದ.

ಹತ್ತನೆಯ ದಿನ ಅವಳು ನನ್ನ ಹೊಸ್ತಿಲಲ್ಲಿ ಬಂದು ಕುಳಿತಳು.

"ತೋಟವ್ವಾ, ನಿನ್ನ ಕೂಸಿಗೆ ಒಂಬತ್ತ ದಿನಾ ಆದುವು. ನಾ ಅವಗ ಒಂದ ಮಾತ ಹೇಳೂದೈತಿ. ಹೆಚ್ಚ ಹೊತ್ತ ಬ್ಯಾಡ."

ನಾಳೆ ಬಾ ಎಂದೆ. ಅವಳು ಹೋದ ಮೇಲೆ ಅಂಗಿಯನ್ನು ಯಾರೂ ಬಿಚ್ಚದ ಹಾಗೆ ಸುತ್ತಲೂ ಬಿಗಿಯಾಗಿ ಹೊಲಿದೆ. ಮರುದಿನ ಬಂದಳು, ಮತ್ತೆ ನಾಳೆ ಎಂದೆ. ಮೂರನೆಯ ದಿನ, ನಮ್ಮ ಮುತ್ತಜ್ಜಿ ತಂದದ್ದು ಇದು, ನಿನ್ನ ಅಪ್ಪನದಲ್ಲ ಎಂದೆ. ಅಂಗಿ ಇದ್ದರೂ ಇರಲಿ, ಹಾಗೇ ಒಂದು ಮಾತು ಹೇಳಿ ಹೋಗುತ್ತೇನೆ ಎಂದು ಕೇಳಿಕೊಂಡಳು. ನನ್ನ ಮಗಳ ಮುಖದಲ್ಲಿ ಅವಳ ಗಂಡ ಬಂದು ಕೂರುವುದು ನನಗೆ ಬೇಡವಾಗಿತ್ತು. ಬಾಗಿಲು ಹಾಕಿಕೊಂಡೆ.

ನಾಲ್ಕನೆಯ ದಿನ ಅವಳು ಬರಲಿಲ್ಲ. ಮಂಜುಬಲೆಯ ಕೆಳಗೆ, ದುರ್ಗಪ್ಪ ಬಿದ್ದ ಜಾಗದಲ್ಲೇ ಸಿಕ್ಕಳು. ಅವಳ ಮೂಗುಬಟ್ಟೆ ಮನೆಯಲ್ಲಿ ಮಡಚಿಟ್ಟಂತೆಯೇ ಇತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಹಿರಿಯ ಯಮನಪ್ಪ ಬಂದು, ಕತ್ತರಿ ಇದೆಯೇ ಎಂದು ಮಾತ್ರ ಕೇಳಿದ. ನಾನೇ ಹೊಲಿಗೆ ಬಿಚ್ಚಿದೆ. ಫಕೀರವ್ವನ ಮಣ್ಣು ಮುಗಿದ ಮೇಲೆ ಮೂರ್ತಿಯನ್ನು ಒಯ್ಯದೆ ನನ್ನ ಮನೆಯಲ್ಲೇ ಬಿಟ್ಟು ಅವನು ಹೇಳಿದ:

"ಅಕಿಗೆ ಯಾರೂ ಇಲ್ಲ. ಅಕಿ ಮುಂದ ನೀನ ಕುಂದ್ರು."

ಇವತ್ತಿಗೆ ಒಂಬತ್ತನೆಯ ದಿನ. ಎರವಲವ್ವ ನನ್ನ ಎದುರಿಗೆ ಫಕೀರವ್ವನ ಸೀರೆ ಉಟ್ಟು ಕೂತಿದೆ. ಅದರಲ್ಲಿ ಹೂವಕ್ಕನನ್ನು ಹುಡುಕುತ್ತೇನೆ, ಬರುತ್ತಿಲ್ಲ. ಫಕೀರವ್ವನಿಗೆ ಹೇಳಬೇಕಾದ ಮಾತು ಇನ್ನೂ ಬಾಯಿಗೆ ಬಂದಿಲ್ಲ. ದುರ್ಗಪ್ಪನಿಗಂತೂ ಎರವಲವ್ವ ಒಂದು ದಿನವೂ ಸಿಗಲಿಲ್ಲ. ಅವನಿಗೆ ಮಾತು ಹೇಳಬೇಕಾದವಳೇ ಇಲ್ಲ.

ಅಮ್ಮಾ, ನಿಮಗೆ ಬೇಕಾದಷ್ಟು ಮಣ್ಣಿತ್ತು, ಬೆಂಕಿಯಿತ್ತು. ಈ ಕಾಗದ ಮುಟ್ಟುವ ಹೊತ್ತಿಗೆ ನಿಮ್ಮ ಕೈಯಲ್ಲಿ ಹಸಿ ಮಣ್ಣು ಇನ್ನೂ ಉಳಿದಿದ್ದರೆ, ಇನ್ನೊಂದು ಮಾಡಿ. ಚಂದ ಇರಬೇಕಿಲ್ಲ. ಯಾರೂ ಕೊಳ್ಳದಿದ್ದರೆ ಎತ್ತರದ ಜಾಗ ನೋಡಿ ಇಟ್ಟುಬಿಡಿ, ನಮ್ಮವರು ಯಾರಾದರೂ ಹೊತ್ತು ತರುತ್ತಾರೆ. ನಮ್ಮಲ್ಲಿ ಒಂದೇ ವಾರದಲ್ಲಿ ಇಬ್ಬರು ಸಾಯುವುದುಂಟು.

ತೋಟವ್ವ