ಅಸ್ಮಾಳ ತಲೆಗೆ ಹಚ್ಚಿದ್ದೆಲ್ಲ

ಅಂಬೇವಾಡಿ, ದಾಂಡೇಲಿ
೪ ಫೆಬ್ರುವರಿ ೨೦೨೫, ಮಂಗಳವಾರ ಬೆಳಿಗ್ಗೆ

ಅಸ್ಮಾಳ ಅಬ್ಬಾ ಅವರಿಗೆ ಶರೀಫಾಳ ಸಲಾಂ.

ಹೇಗಿದ್ದೀರಿ? ಬಲೆ ಎಳೆದು ಎಳೆದು ಬಾತಿದ್ದ ಬಲಗೈ ಈಗ ಹೇಗಿದೆ? ದೋಣಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ, ಇಲ್ಲ ಚಹಾ ಕುಡಿದೇ ದಿನ ದೂಡುತ್ತೀರಾ? ಅತ್ತೆ ಆರಾಮವಾಗಿದ್ದಾರೆ, ಮೊಣಕಾಲು ನೋವು ಇದ್ದದ್ದೇ. ದೋಣಿ ಸಮುದ್ರಕ್ಕೆ ಹೋದ ಮೇಲೆ ನಿಮ್ಮ ಫೋನ್ ಹತ್ತುವುದೇ ಇಲ್ಲ. ಗ್ಯಾರೇಜಿನ ಫಕ್ರುದ್ದೀನಣ್ಣ ಇವತ್ತು ವಾಸ್ಕೋಗೆ ಹೊರಟಿದ್ದಾರೆ. ದೋಣಿ ದಡಕ್ಕೆ ಬಂದ ಕೂಡಲೇ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದಿ.

ನಮ್ಮ ಅಸ್ಮಾಳ ತಲೆ ಸುಟ್ಟಿದೆ. ಬೆಂಕಿಯಿಂದಲ್ಲ. ಶಾಲೆಯಲ್ಲಿ ಹತ್ತನೆಯವರ ಬೀಳ್ಕೊಡುಗೆಗೆ ಕುಣಿತ ಕಲಿಸುತ್ತಿದ್ದರು. ನಮ್ಮ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಾಳೆಂದು ನಿಮಗೆ ಗೊತ್ತಲ್ಲ. ಕಲಿಸಲು ಬಂದಿದ್ದ ಹೆಂಗಸು, "ಎಲ್ಲಾರೂ ಜಡಿ ಹಾಕಿ ಹೂ ಮುಡೀತಾರ. ನಿನ್ನ ಕೂದ್ಲಾ ಜಡಿಗೆ ಕೂಡೂದಿಲ್ಲ, ಹಿಂದ ನಿಂದ್ರು" ಎಂದಳಂತೆ. ಬಸ್ಸಿನಲ್ಲಿ ಯಾರ್ಯಾರೋ ತನ್ನ ಗುಂಗುರು ಕೂದಲಿಗೆ ಬೆರಳು ಹಾಕಿ ನಗುವುದನ್ನು ಸಣ್ಣವಳಿದ್ದಾಗಿನಿಂದ ಸಹಿಸಿಕೊಂಡು ಬಂದ ಹುಡುಗಿ, ಇದನ್ನು ಸಹಿಸಲಿಲ್ಲ. ನನಗೂ ಹೇಳಲಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ನಾನು ಮೌಳಂಗಿ ಕಡೆಯ ರೆಸಾರ್ಟಿನ ಕೆಲಸಕ್ಕೆ ಹೋದಾಗ, ಅತ್ತೆಯ ಎಲೆಡಬ್ಬಿಯ ಸುಣ್ಣಕ್ಕೆ ಅಡುಗೆ ಸೋಡಾ ಕಲಸಿ ತಲೆತುಂಬ ಹಚ್ಚಿಕೊಂಡು, ಬಿಸಿ ಟವೆಲ್ ಸುತ್ತಿ ಕೂತಿದ್ದಾಳೆ. ಉರಿ ಬಂದರೂ ತೆಗೆದಿಲ್ಲ. ಉರಿದರೆ ಕೂದಲು ನೆಟ್ಟಗಾಗುತ್ತಿದೆ ಎಂದೇ ತಿಳಿಯಿರಿ ಅಂತ ಆ ವಿಡಿಯೋದಲ್ಲಿ ಹೇಳಿದ್ದರಂತೆ. ನಾನು ಬಂದಾಗ ಬಚ್ಚಲಲ್ಲಿ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದಳು. ನೀರಿನ ಜೊತೆ ಕೂದಲು ಗೊಂಚಲು ಗೊಂಚಲಾಗಿ ಹರಿಯುತ್ತಿತ್ತು. "ಅಡಿಗಿಮನಿ ಸಾಮಾನದಿಂದ ಏನ ಆಗ್ತೈತಿ ಅಂತ ಹಚ್ಚಿದ್ನಿ ಅಮ್ಮೀ" ಎಂದು ಒಂದೇ ಸಮನೆ ಅಳುತ್ತಿದ್ದಳು.

ನಾನೂ ಹಾಗೇ ಅಂದುಕೊಂಡೆ ನೋಡಿ. ಅಡುಗೆಮನೆಯಿಂದ ಕೆಟ್ಟದ್ದನ್ನು ಅಡುಗೆಮನೆಯಿಂದಲೇ ಸರಿ ಮಾಡುತ್ತೇನೆ ಎಂದು ಹೊರಟೆ. ಮೊದಲು ಮೊಸರು ಹಚ್ಚಿದೆ. ತಂಪಾಯಿತು ಎಂದಳು, ನನಗೆ ಹೋದ ಜೀವ ಬಂತು. ಆಮೇಲೆ ಮೆಂತ್ಯೆ ನೆನೆಸಿ ಅರೆದು ಹಚ್ಚಿದೆ, ಅಕ್ಕಿ ತೊಳೆದ ನೀರು ಸುರಿದೆ, ತತ್ತಿ ಒಡೆದು ಹಚ್ಚಿದೆ. ಬಂದವರೆಲ್ಲ ಒಂದೊಂದು ಹೇಳಿದರು, ನಾನು ಯಾರದ್ದನ್ನೂ ಬಿಡಲಿಲ್ಲ. ಪಕ್ಕದ ಮನೆಯ ಗಿರಿಜಾಬಾಯಿ ನಿಮಗೆ ಗೊತ್ತು, ಯಾರಿಗೂ ಕೆಟ್ಟದ್ದು ಬಯಸುವವರಲ್ಲ. "ಉಳ್ಳಾಗಡ್ಡಿ ರಸಾ ಹಚ್ಚವಾ, ಬೋಳ ತಲಿಮ್ಯಾಲೂ ಕೂದ್ಲಾ ಬರ್ತಾವ" ಎಂದರು. ಹಚ್ಚಿದೆ. ಹಸಿ ಗಾಯದ ಮೇಲೆ ಉಳ್ಳಾಗಡ್ಡಿ ರಸ! ಅವಳು ಚೀರಿದ್ದು ಓಣಿಗೆಲ್ಲ ಕೇಳಿತು. ಆದರೂ ನನ್ನನ್ನು ದೂಡಲಿಲ್ಲ. ನನ್ನ ಸೊಂಟ ಗಟ್ಟಿಯಾಗಿ ಅಪ್ಪಿಕೊಂಡು, "ಹಚ್ಚು, ಇನ್ನಷ್ಟ ಹಚ್ಚು, ಪರೀಕ್ಷಾ ಬರೂದ್ರೊಳಗ ಕೂದ್ಲಾ ಬರ್ಲಿ" ಎಂದಳು.

ಐದಾರು ದಿನವಾಯಿತು, ಈಗ ಗಾಯದಲ್ಲಿ ಕೀವು ಕಟ್ಟಿದೆ. ಕಿವಿಯ ಹಿಂದೆ ಗಡ್ಡೆ ಎದ್ದಿದೆ, ಮೈ ಕಾದ ಹಂಚಿನಂತಿದೆ. ಆಶಾ ಕಾರ್ಯಕರ್ತೆ ವಿದ್ಯಾವತಿ ಬಂದು ನೋಡಿ, "ಇನ್ನ ಏನೂ ಹಚ್ಚಬ್ಯಾಡ್ರಿ, ಮೊದ್ಲ ಧಾರವಾಡಕ್ಕ ಕರ್ಕೊಂಡ ಹೋಗ್ರಿ" ಎಂದು ಬೈದು ಹೋದರು. ಆದರೆ ಅಸ್ಮಾ ಏಳುವುದಿಲ್ಲ. ಡಾಕ್ಟರ ಮುಂದೆ ಓಢಣಿ ತೆಗೆಯಬೇಕಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಎಳೆದರೆ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾಳೆ. ಬೈದೆ, ಬೇಡಿಕೊಂಡೆ, ಕೊನೆಗೆ ಅವಳ ಕಾಲೂ ಹಿಡಿದೆ. ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಂದೆ ನಿಂತರೆ, ಹಚ್ಚದೆ ಇದ್ದದ್ದು ಇನ್ನೇನಾದರೂ ಉಳಿದಿದೆಯೇನೋ ಎಂದು ಕೈ ತಾನಾಗಿಯೇ ಹುಡುಕುತ್ತದೆ. ನನಗೆ ನನ್ನ ಕೈ ಕಂಡರೇ ಹೆದರಿಕೆಯಾಗುತ್ತಿದೆ. ನಿಮ್ಮ ಮಾತಿಗಾದರೂ ಎದ್ದಾಳು. ಬೇಗ ಬನ್ನಿ.

ಅತ್ತೆ ನಿಮಗೆ ದುವಾ ಹೇಳಿದ್ದಾರೆ. ನೀರಿನ ಮೇಲಿರುವ ನಿಮ್ಮನ್ನು ಅಲ್ಲಾಹನು ಕಾಯಲಿ.

ನಿಮ್ಮ
ಶರೀಫಾ

ತಾ.ಕ.: ಅತ್ತೆ ಕರೆದರೆಂದು ಕಾಗದ ಅಲ್ಲೇ ಬಿಟ್ಟು ಎದ್ದಿದ್ದೆ. ಬಂದು ನೋಡಿದರೆ ಅಸ್ಮಾ ಎದ್ದು ಕೂತು ಓದುತ್ತಿದ್ದಾಳೆ. ಓದಿ ಮುಗಿಸಿ, ನನ್ನ ಎರಡೂ ಕೈ ಹಿಡಿದು, "ನಿನ್ನ ಕೈಗೆ ಯಾಕ ಹೆದರ್ತಿ ಅಮ್ಮೀ? ಹೋಗೂಣು ನಡಿ" ಎಂದಳು. ಧಾರವಾಡದ ಬಸ್ಸಿಗೆ ಹೊರಟಿದ್ದೇವೆ, ಗಿರಿಜಾಬಾಯಿಯೂ ಜೊತೆಗೆ ಬರುತ್ತಿದ್ದಾರೆ. ನೀವು ದಾಂಡೇಲಿಗೆ ಬರಬೇಡಿ, ಸೀದಾ ಧಾರವಾಡದ ದೊಡ್ಡ ಆಸ್ಪತ್ರೆಗೆ ಬನ್ನಿ. ಉಳಿದ ಕೂದಲನ್ನೂ ಬೋಳಿಸಬಹುದಂತೆ. ಸುಟ್ಟ ಕಡೆ ಮತ್ತೆ ಬರುತ್ತದೋ ಇಲ್ಲವೋ ಹೇಳಲಾಗದಂತೆ. ವಿದ್ಯಾವತಿ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಾಳೆ. ಈಗ ಚಪ್ಪಲಿ ಮೆಟ್ಟುತ್ತಾ, "ಅಬ್ಬಾ ನನ್ನ ಗುರ್ತ ಹಿಡೀತಾರೇನು?" ಎಂದು ಕೇಳಿದಳು. ನೀವು ಬಂದ ಕೂಡಲೇ, ಅವಳ ತಲೆ ನೋಡುವ ಮೊದಲು, ದೂರದಿಂದಲೇ ಅವಳ ಹೆಸರು ಹಿಡಿದು ಕರೆಯಿರಿ.